ಬಟ್ಟೆ ಬೀದಿಯ ಮೂಲೆ

"ಎತ್ತು, ಇನ್ನೂ ಎತ್ತು," ಎಂದು ನ್ಸಿಯಾ ಕೆಳಗಿನಿಂದ ಹೇಳುತ್ತಲೇ ಇದ್ದರೂ ಶಾಮಿಯಾನದ ಆಳುಗಳು ಕಂಬವನ್ನು ಅರ್ಧಕ್ಕೇ ಹಿಡಿದು ನಿಂತರು.

"ಕರೆಂಟ್ ತಂತಿ ತಗಲುತ್ತೆ ಯಜಮಾನ್ರೇ," ಎಂದ ಒಬ್ಬ.

"ಯಾವ ತಂತಿ? ಬೆಳಿಗ್ಗೇನೇ ಕುಡ್ಕೊಂಡು ಬಂದಿದ್ದೀಯಾ? ಕತ್ತೆತ್ತಿ ನೋಡು."

ಅವನು ಕತ್ತೆತ್ತಿದ. ಕುಮಾಸಿ ನಗರದ ಬಟ್ಟೆ ಬೀದಿಯ ಮೇಲೆ ಬಿಳಿ ಮೋಡ ಬಿಟ್ಟರೆ ಬೇರೇನೂ ಇರಲಿಲ್ಲ.

"ಹೋದ ಸಲ ಬಂದಾಗ ಇಲ್ಲಿ ಕಾಗೆ ಹಾರೋಕೂ ಸಂದಿರಲಿಲ್ಲವಲ್ಲ."

"ಎಲ್ಲಾ ನೆಲದೊಳಗೆ ಹೋಯ್ತು ಕಣಪ್ಪಾ. ಇವತ್ತು ನನ್ನ ತಂಗೀನೂ ಹೋಗ್ತಾಳೆ," ಎಂದ ನ್ಸಿಯಾ. ಆಮೇಲೆ ಮುಖ ತಿರುಗಿಸಿಕೊಂಡು ಕುರ್ಚಿಗಳ ಕಡೆ ನಡೆದ.

ಅವನ ತಂಗಿ ಅಫ್ರಕೋಮಾ ಅಂಗಡಿಯ ಮಹಡಿಯ ಮೇಲೆ ಹಿತ್ತಾಳೆಯ ಮಂಚದಲ್ಲಿ ಮಲಗಿದ್ದಳು. ತಾನೇ ಆರಿಸಿಟ್ಟಿದ್ದ ನೀಲಿ ಸೀರೆಯಂಥ ಉದ್ದ ಬಟ್ಟೆಯನ್ನು ಅವಳಿಗೆ ಉಡಿಸಿದ್ದರು. ಬದುಕಿಡೀ ಬಟ್ಟೆ ಮಾರಿದವಳು. ನೆರಿಗೆ ಸರಿಯಿರದಿದ್ದರೆ ಎದ್ದು ಕೂತು ಬೈಯುತ್ತಾಳೆಂದು ಹೆಂಗಸರು ಪಿಸುಗುಟ್ಟಿಕೊಳ್ಳುತ್ತ ಮತ್ತೆ ಮತ್ತೆ ತಿದ್ದುತ್ತಿದ್ದರು. ಮಗಳು ಡುಫಿ ಮಾತ್ರ ಕಿಟಕಿ ಬಿಟ್ಟು ಕದಲಲಿಲ್ಲ. ಎದುರಿನ ಅಂಗಡಿಯ ಕಬ್ಬಿಣದ ಬಾಗಿಲು ಮುಚ್ಚಿತ್ತು. ಅದು ಪೋಕುವಾಳ ಅಂಗಡಿ.

"ಬರ್ತಾಳಾ ಅವಳು?" ಎಂದು ಒಬ್ಬಳು ಕೇಳಿದಳು.

"ಬರದಿದ್ರೆ ಒಳ್ಳೇದು," ಎಂದಳು ಇನ್ನೊಬ್ಬಳು. "ಬಂದು ಮೈಕ್ ಹಿಡಿದಳು ಅಂದ್ರೆ ಮುಗೀತು. ಆ ಬಾಯಿಗೆ ಬೀಗ ಹಾಕೋರು ಯಾರು?"

ಡುಫಿಗೂ ಅದೇ ಭಯ. ಅದಕ್ಕಿಂತ ದೊಡ್ಡದೊಂದು ಭಯವೂ ಇತ್ತು: ಪೋಕುವಾ ಹೇಳುವುದು ನಿಜವಾಗಿದ್ದರೆ?

*

ನಾಲ್ಕು ವರ್ಷಗಳ ಹಿಂದೆ ಚರ್ಚಿನ ಸಭಾಂಗಣದಲ್ಲಿ ನಗರಸಭೆಯ ಯೋಜನಾಧಿಕಾರಿ ಅಸೀಡು ಗೋಡೆಗೆ ನಕ್ಷೆ ಅಂಟಿಸಿ ನಿಂತಿದ್ದ. ತಂತಿಗಳನ್ನೆಲ್ಲ ನೆಲದಡಿಗೆ ಇಳಿಸುವುದು, ಹೆಚ್ಚಿನ ಹಣ ಬ್ಯಾಂಕಿನ ಸಾಲ, ಸ್ವಲ್ಪ ನಗರಸಭೆಯದು, ಉಳಿದದ್ದು ಬೀದಿಯ ವ್ಯಾಪಾರಿಗಳಿಂದ ಎಂದು ಅವನು ವಿವರಿಸುತ್ತಿದ್ದಾಗಲೇ ಅಫ್ರಕೋಮಾ ಎದ್ದಳು. ಪಕ್ಕದಲ್ಲಿ ಪೋಕುವಾ ಎದ್ದಳು. ಇಬ್ಬರೂ ಮೂವತ್ತು ವರ್ಷ ಎದುರುಬದುರು ಕೂತು ಗಿರಾಕಿಗಳಿಗಾಗಿ ಕಿತ್ತಾಡಿದವರು. ಅವತ್ತು ಮಾತ್ರ ಒಂದೇ ಬಾಯಿ.

"ಚರಂಡಿ ಅಗೆಯುವಾಗಲೂ ಹೀಗೇ ನಕ್ಷೆ ತಂದಿದ್ರಪ್ಪಾ," ಎಂದಳು ಅಫ್ರಕೋಮಾ. "ಈಸ್ಟರ್‌ಗೆ ಮುಗಿಯುತ್ತೆ ಅಂದ್ರಿ. ಯಾವ ಈಸ್ಟರ್ ಅಂತ ಹೇಳಲಿಲ್ಲ."

"ಗಿರಾಕಿಗಳು ಹಲಗೆ ಮೇಲೆ ಸರ್ಕಸ್ ಮಾಡ್ಕೊಂಡು ಬರಬೇಕಾಯ್ತು," ಎಂದಳು ಪೋಕುವಾ. "ನನ್ನಷ್ಟು ದಪ್ಪ ಇರೋರು ಬರಲೇ ಇಲ್ಲ."

ಸಭೆ ನಗುವಿನಲ್ಲಿ ಮುರಿಯಿತು. ಇನ್ನೊಂದು ತೊಡಕೂ ಇತ್ತು. ತಂತಿ ನೆಲದೊಳಗೆ ಹೋದರೂ ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆ ನೆಲದ ಮೇಲೇ ಕೂರಬೇಕು. ಆಳೆತ್ತರದ ಆ ಹಸಿರು ಪೆಟ್ಟಿಗೆಗೆ ತನ್ನ ಅಂಗಡಿಯ ಮುಂದೆ ಜಾಗ ಕೊಡಲು ಯಾರೂ ಒಪ್ಪಲಿಲ್ಲ. ವರ್ಷದ ಕೊನೆಯೊಳಗೆ ಜಾಗ ಗೊತ್ತಾಗದಿದ್ದರೆ ಬ್ಯಾಂಕು ಆ ಹಣವನ್ನು ಬೇರೆ ಊರಿಗೆ ಕೊಡುತ್ತಿತ್ತು.

ಆ ಮಳೆಗಾಲದಲ್ಲೇ ಒಂದು ಮಧ್ಯಾಹ್ನ ತಂತಿ ಹರಿದು ಪೋಕುವಾಳ ಅಂಗಡಿಯ ತಗಡಿನ ಮೇಲೆ ಬಿತ್ತು. ಊಟ ಮುಗಿಸಿ ಬಂದ ಪೋಕುವಾ ಒದ್ದೆ ಕಬ್ಬಿಣದ ಬಾಗಿಲಿಗೆ ಕೈ ಚಾಚಿದ್ದಳು. ಎದುರಿನಿಂದ ಅಫ್ರಕೋಮಾ ಗಂಟಲು ಹರಿಯುವಂತೆ ಅರಚಿದಳು. ಪೋಕುವಾ ಕೈ ಹಿಂದೆಗೆದಳು. ಸ್ವಲ್ಪ ಹೊತ್ತಿಗೆಲ್ಲ ಅವಳು ಆ ವಿಷಯವನ್ನೇ ತಮಾಷೆ ಮಾಡುತ್ತಿದ್ದಳು. ಅಫ್ರಕೋಮಾ ಮಾತ್ರ ಆ ದಿನ ಬಟ್ಟೆ ಅಳೆಯಲಾರದೆ ಮಗಳ ಕೈಗೆ ಗಜಕಡ್ಡಿ ಕೊಟ್ಟು ಒಳಗೆ ಹೋದಳು.

ಕೆಲವು ವಾರಗಳ ನಂತರ ಸುದ್ದಿ ಬಂತು. ಅಫ್ರಕೋಮಾ ಪೆಟ್ಟಿಗೆಗೆ ಜಾಗ ಕೊಟ್ಟಿದ್ದಳು. ಅದೂ ತಾನು ಕೂರುತ್ತಿದ್ದ, ಎರಡೂ ರಸ್ತೆಗೆ ಕಾಣುವ ಮೂಲೆಯನ್ನೇ.

ಪೋಕುವಾ ಬೀದಿ ದಾಟಿ ಬಂದು ಎಲ್ಲರೆದುರು ಕೇಳಿದಳು: "ಎಷ್ಟಕ್ಕೆ ಮಾರ್ಕೊಂಡೆ?"

ಅಫ್ರಕೋಮಾ ಬಟ್ಟೆ ಮಡಿಸುತ್ತಲೇ ಇದ್ದಳು. ಅಲ್ಲಿಂದಾಚೆ ಇಬ್ಬರೂ ಮಾತಾಡಲಿಲ್ಲ. ಡುಫಿ ಒಮ್ಮೆ ಕೇಳಿದಾಗ, "ಹೊತ್ತಾಯ್ತು, ಬಾಗಿಲು ಹಾಕು," ಎಂದಿದ್ದಳು ಅಷ್ಟೆ.

*

ಪ್ರಾರ್ಥನೆ ಮುಗಿದು ನೆಂಟರು ಸಾಲಾಗಿ ಕೈ ಕುಲುಕುತ್ತಿದ್ದಾಗ ಪೋಕುವಾ ಬಂದಳು. ಕಪ್ಪು ಬಟ್ಟೆ, ತಲೆಗೆ ಕೆಂಪು ವಸ್ತ್ರ. ಮೈಕಿನ ಹತ್ತಿರವಿದ್ದ ನ್ಸಿಯಾ ಮೆಲ್ಲಗೆ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಪೋಕುವಾ ಅತ್ತ ನೋಡಲೂ ಇಲ್ಲ. ಎರಡನೆಯ ಸಾಲಿನಲ್ಲಿ ಕೂತಿದ್ದ ಅಸೀಡುವಿನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಡುಫಿ ಓಡುವಂತೆ ಬಂದು ಅವರೆದುರು ನಿಂತಳು.

"ಪೋಕುವಾ ಅಮ್ಮಾ, ಇವತ್ತೊಂದು ದಿನ ಬೇಡ. ಕಾಲಿಗೆ ಬೀಳ್ತೀನಿ."

"ನೀನೂ ಕೂತ್ಕೋ ಮಗಳೇ. ನಿನಗೂ ಗೊತ್ತಿಲ್ಲ ಅಂತ ನನಗೆ ಗೊತ್ತು," ಎಂದು ಪೋಕುವಾ ಅಸೀಡುವಿನ ಕಡೆ ತಿರುಗಿದಳು. "ಅವಳಂತೂ ಹೋದಳು. ಈಗ ಯಾರೂ ಅವಳನ್ನ ಏನೂ ಮಾಡೋಕಾಗಲ್ಲ. ಹೇಳಪ್ಪಾ, ಏನು ಕೊಟ್ರಿ ಅವಳಿಗೆ?"

ಅಸೀಡು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಯಾರಿಗೂ ಹೇಳಬೇಡ ಅಂದಿದ್ರು. ಇರೋವರೆಗೆ ಹೇಳಲಿಲ್ಲ."

"ಈಗ ಇಲ್ಲವಲ್ಲ."

*

ನಾಲ್ಕು ವರ್ಷಗಳ ಹಿಂದೆ, ತಂತಿ ಬಿದ್ದ ಕೆಲವು ದಿನಗಳಿಗೆ, ಅಸೀಡುವನ್ನು ಅಫ್ರಕೋಮಾಳೇ ಕರೆಸಿದ್ದಳು. ಅವನು ಮತ್ತೊಮ್ಮೆ ಬೈಸಿಕೊಳ್ಳಲು ಸಿದ್ಧನಾಗಿ ಬಂದ. ಅಫ್ರಕೋಮಾ ಮೆಕ್ಕೆಜೋಳದ ಹಿಟ್ಟಿನ ಕೆಂಕಿ ಉಂಡೆಯೊಂದನ್ನು, ಹುರಿದ ಮೀನನ್ನು ಅವನ ಮುಂದಿಟ್ಟು, ಅವನ ಬಾಯಿ ತುಂಬಿದ ಮೇಲೆ ಮಾತು ತೆಗೆದಳು.

"ಮೂಲೆ ಕೊಡ್ತೀನಿ. ಆದರೆ ಕ್ರಿಸ್‌ಮಸ್ ವ್ಯಾಪಾರ ಮುಗಿಯೋವರೆಗೆ ಒಂದು ಕಲ್ಲೂ ಕದಲಬಾರದು. ಆಮೇಲೂ ಒಂದೇ ಪಕ್ಕ ಅಗೀಬೇಕು. ಅದನ್ನ ಮುಚ್ಚಿ ಇನ್ನೊಂದು."

"ಖರ್ಚು ಜಾಸ್ತಿಯಾಗುತ್ತಮ್ಮ."

"ತಿನ್ನು. ಇನ್ನೂ ಮುಗಿದಿಲ್ಲ. ಕಾಲುದಾರೀಲಿ ತಟ್ಟೆ ಇಟ್ಕೊಂಡು ಮಾರ್ತಾರಲ್ಲ ಹೆಂಗಸರು, ಅವರ ಹತ್ತಿರ ಒಂದು ಕಾಸೂ ಕೇಳಬಾರದು. ಕೆಲಸ ಮುಗಿದ ಮೇಲೆ ಅವರವರ ಜಾಗ ಅವರಿಗೆ. ಅಂಗಡಿಯೋರಿಗೆ, ಮುಂಭಾಗ ಎಷ್ಟು ಅಗಲವೋ ಅಷ್ಟು ವಂತಿಗೆ. ಎಲ್ಲರಿಗೂ ಸಮ ಅಂದ್ರೆ ಸಣ್ಣ ಅಂಗಡಿಯೋಳು ಸಾಯ್ತಾಳೆ."

ಅಸೀಡು ಒಂದೊಂದನ್ನೂ ತೂಗಿ ನೋಡಿದ. ಬ್ಯಾಂಕಿನವರು ಒಪ್ಪಬಹುದು, ಕಷ್ಟಪಟ್ಟು ಒಪ್ಪಿಸಬಹುದು. "ಇಷ್ಟು ಒಳ್ಳೇ ಷರತ್ತು ಸಭೇಲೇ ಹೇಳಬಹುದಿತ್ತಲ್ಲಮ್ಮ?"

"ಸಭೇಲಿ ಹೇಳಿದ್ರೆ ನನ್ನ ಹಿಂದೆ ನೂರು ಜನ ನೂರು ಷರತ್ತು ಹಿಡ್ಕೊಂಡು ನಿಲ್ತಾರೆ. ನಿನ್ನ ಬ್ಯಾಂಕು ಓಡಿಹೋಗುತ್ತೆ. ಇದು ನಿಮ್ಮ ಯೋಜನೆ ಅಂತಲೇ ಇರಲಿ."

"ನೀವೇ ಬೇಡ ಅಂದೋರು. ಈಗ ಯಾಕೆ?"

ಅಫ್ರಕೋಮಾ ಎದುರಿನ ಅಂಗಡಿ ನೋಡಿದಳು. ಅಲ್ಲಿ ಪೋಕುವಾ ಗಿರಾಕಿಯೊಬ್ಬಳ ಜೊತೆ ಕೈ ಬೀಸಿ ವಾದಿಸುತ್ತಿದ್ದಳು.

"ಆ ಮಧ್ಯಾಹ್ನ ಅವಳ ಕೈ ಬಾಗಿಲಿಂದ ಇಷ್ಟೇ ದೂರ ಇತ್ತು. ಗಂಡ ಹೋದ. ಅಕ್ಕಂದಿರು ಹೋದ್ರು. ಬೆಳಗಾದ್ರೆ ಜಗಳ ಆಡೋಕೆ ನನಗಿರೋಳು ಅವಳೊಬ್ಬಳೇ." ಆಮೇಲೆ ಬೆರಳೆತ್ತಿ ಹೇಳಿದಳು: "ಅವಳ ಕಿವಿಗೆ ಮಾತ್ರ ಇದು ಬೀಳಕೂಡದು. ಕೊಬ್ಬಿಬಿಡ್ತಾಳೆ."

*

ಅಸೀಡು ಹೇಳಿ ಮುಗಿಸಿದ ಮೇಲೆ ಪೋಕುವಾ ಎದುರಿನ ತನ್ನ ಅಂಗಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಡುಫಿ ಕೈಯಲ್ಲಿದ್ದ ಕರವಸ್ತ್ರವನ್ನು ಹಿಂಡುತ್ತಲೇ ಇದ್ದಳು.

"ಮುಂಭಾಗದ ಅಗಲ," ಎಂದಳು ಪೋಕುವಾ ಕೊನೆಗೆ. "ಈ ಬೀದೀಲಿ ಅಗಲದ ಅಂಗಡಿ ಯಾರದು?"

"ನಿಮ್ಮದೇ," ಎಂದ ಅಸೀಡು ಹೆದರುತ್ತ.

"ನನ್ನದೇ. ನಗರಸಭೆಯೋರನ್ನ ನಾಲ್ಕು ವರ್ಷ ಶಪಿಸಿದೆ. ನನ್ನ ಸೊಂಟದ ಕಾಸಿನ ಗಂಟು ಬಿಚ್ಚಿಸಿದೋಳು ಇವಳು!" ಅವಳ ಭುಜಗಳು ಅಲುಗಿದವು. ಅಳುತ್ತಿದ್ದಾಳೆಂದು ಡುಫಿ ತೋಳು ಹಿಡಿದಳು. ಪೋಕುವಾ ನಗುತ್ತಿದ್ದಳು. ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಒರೆಸಿದಷ್ಟೂ ಕಣ್ಣು ಒದ್ದೆಯಾಯಿತು. "ನನ್ನನ್ನ ಉಳಿಸಿಕೊಳ್ಳೋಕೆ ನನ್ನಿಂದಲೇ ಜಾಸ್ತಿ ವಸೂಲು. ವ್ಯಾಪಾರ ಅಂದ್ರೆ ಇದು ಕಣೇ ಮಗಳೇ, ಕಲ್ತ್ಕೋ."

ಡುಫಿಯೂ ನಕ್ಕಳು. ನಾಲ್ಕು ವರ್ಷಗಳಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದಂತಾಗಿ, ಅಮ್ಮ ಸತ್ತ ಮೇಲೆ ಮೊದಲ ಬಾರಿಗೆ ಅವಳಿಗೆ ಹಸಿವಾಯಿತು.

ಪೋಕುವಾ ಎದ್ದು ಮೈಕಿನ ಕಡೆ ಹೋಗಲಿಲ್ಲ. ನೇರ ತನ್ನ ಅಂಗಡಿಯ ಬಾಗಿಲು ತೆಗೆಸಿ ಒಳಗೆ ಹೋದಳು.

ಶವಪೆಟ್ಟಿಗೆಯನ್ನು ಹೊರುವವರು ಮಹಡಿಯಿಂದ ಕೆಳಗಿಳಿಸಿದರು. ಡುಫಿ ಖಾಲಿಯಾದ ಕೋಣೆಯ ದೀಪ ಆರಿಸಲು ಹಿಂದುಳಿದಳು. ಆರಿಸಿ ಬಾಲ್ಕನಿಗೆ ಬಂದರೆ ಎದುರಿನ ಬಾಲ್ಕನಿಯಲ್ಲಿ ಪೋಕುವಾ ನಿಂತಿದ್ದಳು. ಕಂಕುಳಲ್ಲಿ ಶೋಕಕ್ಕೆ ಉಡುವ ಕಪ್ಪು ಕೆಂಪು ಬಟ್ಟೆಯ ಹೊಸ ಸುರುಳಿ.

"ಹಿಡ್ಕೋ," ಎಂದಳು.

ಬಟ್ಟೆಯ ಒಂದು ತುದಿಯನ್ನು ತನ್ನ ಮುಷ್ಟಿಯಲ್ಲೇ ಉಳಿಸಿಕೊಂಡು ಸುರುಳಿಯನ್ನು ಎಸೆದಳು. ಅದು ಬಿಚ್ಚಿಕೊಳ್ಳುತ್ತ, ಟೋಪಿಗಳ ಮೇಲೆ, ತಾಳವಾದ್ಯದವರ ಮೇಲೆ, ಭುಜಗಳ ಮೇಲೆ ತೂಗುತ್ತ ಸಾಗುತ್ತಿದ್ದ ಅಫ್ರಕೋಮಾಳ ಮೇಲೆ, ಇಡೀ ಬೀದಿಯನ್ನು ಒಂದು ತಂತಿಗೂ ಸಿಕ್ಕಿಕೊಳ್ಳದೆ ದಾಟಿ ಬಂದು ಡುಫಿಯ ಎರಡೂ ತೋಳುಗಳೊಳಗೆ ಬಿತ್ತು.