ಎಡಗಡೆಯ ಬಿಸಿಲು

ಸ್ಟುಡಿಯೋದ ಹಿಂದಿನ ಗೋಡೆಗೆ ಇಳಿಬಿಟ್ಟಿದ್ದ ಪರದೆಯ ಮೇಲೆ ಒಂದು ಬೆಟ್ಟವಿತ್ತು, ಅದರ ಬುಡದಲ್ಲಿ ಒಂದು ಸರೋವರ, ನೀರಿನ ಮೇಲೆ ಎಡಗಡೆಯಿಂದ ಬಿದ್ದ ಬಿಸಿಲು. ಬರೆದವಳು ಫೋಟೋಗ್ರಾಫರನ ಅಕ್ಕ. ಚಿಕ್ಕಂದಿನಿಂದ ಕಾಲಿನಲ್ಲಿ ಬಲವಿಲ್ಲದ ಅವಳು ಆ ಸರೋವರವನ್ನು ಕಣ್ಣಾರೆ ಕಂಡವಳಲ್ಲ. ತಮ್ಮ ತಂದುಕೊಟ್ಟ ಚಿತ್ರಗಳನ್ನು ನೋಡಿ ಬರೆದಿದ್ದಳು. ಬಣ್ಣ ಮಾಸಿದಾಗಲೆಲ್ಲ ಅವಳೇ ತಿದ್ದುತ್ತಿದ್ದಳು. ಊರಿನ ಅರ್ಧಕ್ಕರ್ಧ ಜನ ಆ ನೀರಿನ ಮುಂದೆ ನಿಂತು ಹಲ್ಲು ಕಿರಿದವರೇ.

ಒಂದು ದಿನ ಫೋಟೋ ತೆಗೆಸಲು ಬಂದ ಗಿರಾಕಿಯೊಬ್ಬ ಪರದೆ ನೋಡಿ ನಕ್ಕ. "ನಾನು ಅಲ್ಲಿಗೆ ಹೋಗಿ ಬಂದಿದ್ದೀನಿ ಸ್ವಾಮಿ. ಅಲ್ಲಿ ಬಿಸಿಲು ಬರೋದು ಬಲಗಡೆಯಿಂದ. ಇದನ್ನ ಬರೆದವರು ಯಾವ ಸೂರ್ಯನ್ನ ನೋಡಿದ್ರೋ!" ಎಂದ. ಒಳಬಾಗಿಲ ಬಳಿ ಕುಳಿತಿದ್ದ ಅಕ್ಕನಿಗೆ ಅದು ಕೇಳಿಸಿತು. ಅವತ್ತು ಕುಂಚ ತೊಳೆದು ಡಬ್ಬಿಗೆ ಹಾಕಿದವಳು ಮತ್ತೆ ಮುಟ್ಟಲಿಲ್ಲ. ಪರದೆಯ ಬಣ್ಣ ಒಂದು ಮೂಲೆಯಿಂದ ಚಕ್ಕೆ ಏಳತೊಡಗಿತು. "ಸ್ವಲ್ಪ ತಿದ್ದಕ್ಕಾ" ಎಂದು ತಮ್ಮ ಕೇಳಿದರೆ "ನೋಡೋಣ" ಎನ್ನುತ್ತಿದ್ದಳು, ಅಷ್ಟೇ. ಆ ಮನೆಯಲ್ಲಿ ಇದ್ದ ಒಂದೇ ಸದ್ದೆಂದರೆ ಅವಳು ಬಣ್ಣ ಕಲಸುತ್ತ ಗುನುಗುವುದು. ಈಗ ಅದೂ ನಿಂತುಹೋಯಿತು.

ಎಡಗಡೆಯಿಂದ ಬಿಸಿಲು ಬಿದ್ದ ಒಂದೇ ಒಂದು ಫೋಟೋ ತಂದು ಅವಳ ಕೈಗಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ತಮ್ಮ ಲೆಕ್ಕ ಹಾಕಿದ. ಅಕ್ಕನನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ, ಸ್ಟುಡಿಯೋಗೆ ಬೀಗ ಜಡಿದು ಆ ಸರೋವರಕ್ಕೆಂದು ಬೆಟ್ಟ ಹತ್ತಿದ.

ಬೆಳಗ್ಗೆ ದಡದ ತುಂಬ ಕ್ಯಾಮೆರಾಗಳು. ಬಲಗಡೆಯ ಶಿಖರದಿಂದ ಬಿಸಿಲು ಇಳಿದು ನೀರೆಲ್ಲ ಬಂಗಾರವಾಯಿತು. ಎಲ್ಲರೂ ಪಟಪಟನೆ ಒತ್ತಿದರು. ಇವನು ಲೆನ್ಸಿನ ಮುಚ್ಚಳವನ್ನೇ ತೆಗೆಯಲಿಲ್ಲ.

"ಏನ್ರೀ, ನಿಮಗೆ ಈ ಬೆಳಕು ಸಾಲದಾ?" ಪಕ್ಕದವನು ಕೇಳಿದ.

"ನನಗೆ ಎಡಗಡೆಯದು ಬೇಕು."

"ಸೂರ್ಯನಿಗೆ ಹೇಳಿ ಕಳಿಸಿದ್ದೀರಾ ತಾನೇ?"

ದಾರಿಯೊಂದು ಇಲ್ಲದಿರಲಿಲ್ಲ. ಎಡಗಡೆಯ ಬೆಟ್ಟಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಒಂದು ಸಂದು ಇತ್ತು. ಸೂರ್ಯ ಅತ್ತ ವಾಲುತ್ತಿದ್ದಂತೆಯೇ ಎತ್ತರದ ಸಾಲಿನ ಹಿಂದೆ ಮರೆಯಾಗಿ ನೀರಿಗೆ ನೆರಳು ಕವಿದ ಮೇಲೆ, ಸಂಜೆ ಆ ಸಂದಿಗೆ ಬಂದಾಗ ಮತ್ತೆ ಚೂರು ಬಿಸಿಲು ಬೀಳುತ್ತದೆ ಎಂದು ಅಲ್ಲಿನ ದೋಣಿಯವನೊಬ್ಬ ಹೇಳಿದ್ದ. ಆದರೆ ಸಂದಿನಲ್ಲಿ ಮೋಡವೊಂದು ಬಂದು ಕೂತಿತ್ತು, ಜಪ್ಪಯ್ಯ ಅಂದರೂ ಕದಲಲಿಲ್ಲ. ಮಾರನೆಯ ದಿನವೂ ಅದೇ ಕಥೆ. ಮಿಕ್ಕವರು ಬೆಟ್ಟ ಇಳಿದರು, ಇವನು ತಂದಿದ್ದ ಬ್ರೆಡ್ಡು ಮುಗಿಯಿತು, ಬೆರಳು ಮರಗಟ್ಟಿದವು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೇ ಕಾದ. ಕೊನೆಗೊಂದು ಸಂಜೆ ಗಾಳಿ ಎದ್ದು ಮೋಡ ಸರಿಯಿತು. ಎಡಗಡೆಯಿಂದ ಬಿಸಿಲು ನೀರಿನ ಮೇಲೆ ಚಾಪೆ ಬಿಚ್ಚಿದಂತೆ ಹಾಸಿಕೊಂಡಿತು, ಥೇಟ್ ಅಕ್ಕನ ಪರದೆಯಂತೆಯೇ. ಅವನು ಒತ್ತಿದ. ಎರಡನೆಯದು ಒತ್ತುವಷ್ಟರಲ್ಲಿ ಬಿಸಿಲು ಹೋಗಿತ್ತು. ಖುಷಿ ತಡೆಯಲಾರದೆ ಒಬ್ಬನೇ ಕೂಗಿಕೊಂಡ.

ಮನೆಗೆ ಬಂದಾಗ ಅಕ್ಕ ಗಿರಾಕಿಗಳ ಫೋಟೋದ ಅಂಚು ಕತ್ತರಿಸುತ್ತ ಕೂತಿದ್ದಳು. ಅವನು ಪ್ರಿಂಟು ಹಾಕಿ ತಂದು ಅವಳ ಮುಂದಿಟ್ಟ.

"ನೋಡಕ್ಕಾ, ನೀನು ಬರೆದಿದ್ದೇ ಸರಿ. ಎಡಗಡೆಯಿಂದಲೂ ಬಿಸಿಲು ಬರುತ್ತೆ."

ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಚೆನ್ನಾಗಿದೆ ಕಣೋ. ಪಾಪ, ಚಳಿಯಲ್ಲಿ ತುಂಬಾ ಕಾದಿದ್ದೀಯ."

"ಹಾಗಾದ್ರೆ ಪರದೆ ತಿದ್ದುತ್ತೀಯಾ?"

"ಬಲಗಡೆಯಿಂದ ಬರೋದು ಅಂತ ನನಗೆ ಬರೆಯೋವಾಗ್ಲೇ ಗೊತ್ತಿತ್ತು. ಸ್ಟುಡಿಯೋದಲ್ಲಿ ನಿನ್ನ ದೀಪ ಇರೋದು ಎಡಗಡೆ. ನಿಂತವರ ಮುಖಕ್ಕೆ ಒಂದು ಕಡೆಯಿಂದ ಬೆಳಕು, ಹಿಂದಿನ ನೀರಿಗೆ ಇನ್ನೊಂದು ಕಡೆಯಿಂದ ಬಿದ್ರೆ ಚೆನ್ನಾಗಿರುತ್ತಾ? ಬೇಕು ಅಂತಲೇ ಹಾಗೆ ಬರೆದೆ."

ಅವನು ಬೆಪ್ಪಾದ. "ಮತ್ಯಾಕೆ ಕುಂಚ ಎತ್ತಿಟ್ಟೆ? ಯಾರೋ ಗಿರಾಕಿ ನಕ್ಕ ಅಂತಾನಾ?"

"ಅವನು ನಕ್ಕ, ಹೋದ. ಅವನ ಜೊತೆ ನೀನೂ ನಕ್ಕೆಯಲ್ಲ."

ಅವನಿಗೆ ನೆನಪಿರಲಿಲ್ಲ. ಆಮೇಲೆ ನೆನಪಾಯಿತು.

"ಗಿರಾಕಿ ಅಲ್ವಾ ಅಂತ..." ಎಂದ.

"ಗೊತ್ತು ಬಿಡು" ಎಂದು ಅಕ್ಕ ಸರೋವರವನ್ನು ಪಕ್ಕಕ್ಕಿಟ್ಟು ಕತ್ತರಿ ಎತ್ತಿಕೊಂಡಳು.