ಮಣೂಕದ ಡಬ್ಬಿಯೊಳಗಿನ ಗುಳಿಗೆ

ಹೆಣ್ಣು ನೋಡಲು ಬಬಲೇಶ್ವರದಿಂದ ಬಂದವರ ಜೀಪು ತಿಕೋಟಾದ ಓಣಿಗೆ ತಿರುಗಿದ್ದೇ ತಡ, ಗೌರಾಬಾಯಿ ತನ್ನ ತಮ್ಮನ ಮಗಳು ಸೌಭಾಗ್ಯಳ ಕೈಯಿಂದ ಗುಳಿಗೆಯ ಪಟ್ಟಿ ಕಸಿದು ಮಣೂಕದ ಡಬ್ಬಿಗೆ ತುರುಕಿದಳು. ಬಚ್ಚಿಡಲು ಬೇರೆ ಜಾಗವೇ ಸಿಗಲಿಲ್ಲವೇ ಈ ಪುಣ್ಯಾತ್ಗಿತ್ತಿಗೆ!

“ಸಕ್ರಿ ಬ್ಯಾನಿ ಅಂತ ತಿಳಕೊಂಡು ಎದ್ದ ಹೊಕ್ಕಾರ. ಸುಮ್ನ ಕುಂದ್ರು.”

“ನನಗ ಸಕ್ರಿ ಬ್ಯಾನಿ ಇಲ್ಲತ್ತಿ.”

ಯಾರು ಕೇಳಬೇಕು? ವಿಜಯಪುರದ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: ಮೈಯಲ್ಲಿ ಇನ್ಸುಲಿನ್ ಹೆಚ್ಚಾಗಿದೆ, ಮುಟ್ಟು ತಪ್ಪುವುದಕ್ಕೂ ತೂಕ ಏರುವುದಕ್ಕೂ ಅದೂ ಒಂದು ಕಾರಣ, ಸಕ್ಕರೆ ಕಾಯಿಲೆಗೂ ಕೊಡುವ ಈ ಗುಳಿಗೆ ಅದನ್ನು ತಗ್ಗಿಸುತ್ತದೆ, ತೂಕ ಸ್ವಲ್ಪ ಇಳಿದೀತು, ಆದರೆ ಸಿಹಿ ಕಡಿಮೆ ಮಾಡು, ನಡೆಯುವುದನ್ನು ಬಿಡಬೇಡ. ಸೌಭಾಗ್ಯ ದಿನಾ ದ್ರಾಕ್ಷಿ ತೋಟಗಳ ದಾರಿ ಹಿಡಿದಳು. ಮುಟ್ಟು ಸರಿಯಾಯಿತು, ಮೈ ಕೊಂಚ ಹಗುರಾಯಿತು. ಹುಡುಗ ಸತೀಶಕುಮಾರನೂ ಫೋಟೋದಲ್ಲೇ ಮನಸ್ಸಿಗೆ ಬಂದಿದ್ದ. ಈ ಸಂಬಂಧ ಕೂಡಲಿ ಎಂದು ಅವಳಿಗೂ ಇತ್ತು.

ದ್ರಾಕ್ಷಿ ಒಣಗಿಸಿ ಮಣೂಕ ಮಾರುವ ಮನೆ. ಬಂದವರಿಗೆ ಚಹಾಕ್ಕೂ ಮೊದಲು ಮಣೂಕ ಇಡಬೇಕು. ಏನೂ ಅರಿಯದ ಸೌಭಾಗ್ಯಳ ತಾಯಿ ನಂದಾ ಡಬ್ಬಿಯನ್ನು ತಟ್ಟೆಗೆ ಬೋರಲು ಹಾಕಿದಳು. ಪಟ್ಟಿ ಹುಡುಗನ ತಾಯಿಯ ಮುಂದೆಯೇ ಬಿತ್ತು.

“ಇದು ಸಕ್ರಿ ಬ್ಯಾನಿ ಗುಳಗಿ ಅಲ್ಲೇನ್ರಿ?”

“ನಂದ್ರಿ, ನಂದು!” ಎಂದಳು ಗೌರಾಬಾಯಿ.

“ಅಲ್ರಿ, ನಂದು,” ಎಂದ ಸೌಭಾಗ್ಯ ಮುಟ್ಟಿನ ಮಾತನ್ನೂ ಬಿಡದೆ ಎಲ್ಲ ಹೇಳಿದಳು. ಗಂಡಸರು ತಲೆಯೆತ್ತಿ ಮಾಳಿಗೆಯ ಜಂತಿ ನೋಡತೊಡಗಿದರು.

ಒಪ್ಪಿಗೆಯಾದರೆ ಹುಡುಗಿಯ ಬಾಯಿಗೆ ಹಾಕಲೆಂದು ನಂದಾ ತಂದಿಟ್ಟಿದ್ದ ಸಕ್ಕರೆ ಬಟ್ಟಲನ್ನು ಹುಡುಗನ ತಾಯಿ ಬದಿಗೆ ಸರಿಸಿದಳು. “ಗುಳಗಿ ಬಿಡ್ಲಿ, ಇನ್ನಷ್ಟು ತೆಳ್ಳಗಾಗ್ಲಿ. ಆಮ್ಯಾಲ ನೋಡೂಣು.”

“ಇವತ್ತ ಬಿಡ್ತಾಳ್ರಿ!” ಎಂದಳು ಗೌರಾಬಾಯಿ.

ಸೌಭಾಗ್ಯ ಹುಡುಗನ ಮುಖ ನೋಡಿದಳು. ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಮಣೂಕ ಅಗಿಯುತ್ತಿದ್ದ. ಅವಳು ಗುಳಿಗೆಯ ಪಟ್ಟಿಯನ್ನು ಕೈಗೆತ್ತಿಕೊಂಡಳು.

“ಬಿಡೂದಿಲ್ರಿ. ನಿಮ್ಮ ಸಲುವಾಗಿ ತಗೊಂಡದ್ದಲ್ಲ, ನಿಮ್ಮ ಸಲುವಾಗಿ ಬಿಡಾಕಿನೂ ಅಲ್ಲ.”

ಅವರು ಚಹಾ ಕುಡಿಯದೆ ಎದ್ದರು.

“ಮನಿ ಮರ್ಯಾದಿ ಮಣ್ಣಪಾಲಾತು!” ಗೌರಾಬಾಯಿ ಹಣೆ ಬಡಿದುಕೊಂಡಳು. ಸೌಭಾಗ್ಯ ಬಟ್ಟಲಿನಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ತನ್ನ ಬಾಯಿಗೆ ತಾನೇ ಹಾಕಿಕೊಂಡಳು.

“ಡಾಕ್ಟರಮ್ಮ ಬೈದ್ರ ಬೈಲಿ. ನಾ ನನಗ ಒಪ್ಪಿಗಿ ಅದೇನಿ.”

ರೊಟ್ಟಿ ತಿಂದು ಗುಳಿಗೆ ನುಂಗಿ ಚಪ್ಪಲಿ ಮೆಟ್ಟಿದಳು. ಓಣಿಯ ತಿರುವಿನಲ್ಲಿ ಜೀಪು ಕೆಟ್ಟು ನಿಂತಿತ್ತು, ಸತೀಶಕುಮಾರ ಬೆವರುತ್ತ ತಳ್ಳುತ್ತಿದ್ದ. ಅವಳು ಪಕ್ಕದಿಂದ ನಡೆದು ತೋಟದ ದಾರಿ ಹಿಡಿದಳು.