ಕಟ್ಟೆಮಳಲವಾಡಿಯ ಪಿಂಗಾಣಿ ಕೃಷ್ಣ

ಕಟ್ಟೆಮಳಲವಾಡಿಯ ಭದ್ರಮ್ಮನ ಹಸುವಿಗೆ ಚುಚ್ಚುಮದ್ದು ಕೊಟ್ಟು, ಕಾಫಿಗೆಂದು ಒಳಗೆ ಬಂದ ಪಶುವೈದ್ಯ ಯತೀಶ್ ದೇವರ ಗೂಡಿನ ಮುಂದೆ ನಿಂತೇಬಿಟ್ಟ. ಗೂಡಿನಲ್ಲಿ ಗೇಣುದ್ದದ ಕೃಷ್ಣ ಕೊಳಲೂದುತ್ತಿದ್ದ. ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತುಳಸಿ ಸರ. ಆದರೆ ಈ ಕೃಷ್ಣನಿಗೆ ಹಳದಿ ಕೂದಲಿತ್ತು, ಮೊಣಕಾಲುದ್ದದ ಕಾಲುಚೀಲವಿತ್ತು, ಪಕ್ಕದಲ್ಲಿ ಹಸುವಿನ ಬದಲು ಕುರಿ ಮಲಗಿತ್ತು.

ಯುರೋಪಿನ ಹಳೆಯ ಪಿಂಗಾಣಿ ಕುರಿಗಾಹಿ ಬೊಂಬೆಗಳೆಂದರೆ ಯತೀಶನಿಗೆ ಹುಚ್ಚು. ಮೈಸೂರಿನ ಹಳೇ ಸಾಮಾನಿನಂಗಡಿಗಳನ್ನೆಲ್ಲ ಜಾಲಾಡಿ ಒಂಬತ್ತು ಬೊಂಬೆ ಕೂಡಿಸಿದ್ದ. ಅವುಗಳಲ್ಲಿ ಅಚ್ಚುಮೆಚ್ಚಿನವಳು ಗುಲಾಬಿ ಲಂಗದ ಹುಡುಗಿ. ಎತ್ತರದ ಹಿಮ್ಮಡಿಯ ಬೂಟು ತೊಟ್ಟು ಕುರಿ ಕಾಯುವ ಹೆಣ್ಣನ್ನು ಹುಣಸೂರು ತಾಲ್ಲೂಕಿನಲ್ಲಿ ಯಾರೂ ಕಂಡಿಲ್ಲ, ಆ ಮಾತು ಬೇರೆ. ಅವಳು ಪಕ್ಕಕ್ಕೆ ಕೈ ಚಾಚಿ ಯಾರಿಗೋ ಹೂವು ಕೊಡುತ್ತಿದ್ದಳು. ಆ ಜೋಡಿಗಾಗಿ ಯತೀಶ್ ಹನ್ನೊಂದು ವರ್ಷದಿಂದ ಹುಡುಕುತ್ತಿದ್ದ.

"ಒಂದ್ಸಲ ಎತ್ತಿ ನೋಡ್ಲಾ ಅವ್ವಾ?"

"ಕೈ ತೊಳ್ಕಂಡಿದ್ದೀರಲ್ಲ, ನೋಡಿ."

ಬೊಂಬೆಯ ಅಡಿಯಲ್ಲಿ, ಅವನ ಗುಲಾಬಿ ಲಂಗದ ಹುಡುಗಿಗಿದ್ದಂಥದೇ ನೀಲಿ ಗುರುತು.

"ನಮ್ಮ ಮಾವ ಕೊಡಗಲ್ಲಿ ದೊರೆ ಬಂಗ್ಲೇಲಿ ಅಡುಗೆಗಿದ್ರು," ಎಂದಳು ಭದ್ರಮ್ಮ. "ದೊರೆ ಊರಿಗೋಗುವಾಗ ಕೊಟ್ಟೋದ್ನಂತೆ."

"ನಂಗೆ ಕೊಡಿ ಅವ್ವಾ. ಕೇಳಿದಷ್ಟು ಕೊಡ್ತೀನಿ."

"ದೇವ್ರನ್ನ ಮಾರಕಾಯ್ತದಾ?"

"ಇವ್ನು ಕೃಷ್ಣ ಅಲ್ಲ ಕಣವ್ವ, ಕುರಿ ಕಾಯೋನು. ಇವನ ಜೋಡಿ ನಮ್ಮನೇಲವ್ಳೆ."

ಜೋಡಿ ಎಂದದ್ದೇ ತಪ್ಪಾಯಿತು. ಭದ್ರಮ್ಮನ ಮುಖ ಅರಳಿತು. "ಅಂಗಾದ್ರೆ ಎಣ್ಣು ಕರ್ಕಂಬನ್ನಿ, ನೋಡವ."

ಜೊತೆಯಾಗಿ ಕಂಡರೆ ಮುದುಕಿಯ ಮನಸ್ಸು ಕರಗೀತೆಂದು ಯತೀಶ್ ಹುಣಸೂರಿನ ತನ್ನ ಮನೆಗೆ ಬೈಕ್ ಓಡಿಸಿದ. ಹುಡುಗಿಯನ್ನು ಟವೆಲಿನಲ್ಲಿ ಸುತ್ತಿ, ಅಂಗಿಯೊಳಗಿಟ್ಟುಕೊಂಡು, ಉಸಿರು ಬಿಗಿಹಿಡಿದು ವಾಪಸ್ಸು ಬಂದ. ಗೂಡಿನಲ್ಲಿ ಕೃಷ್ಣನ ಪಕ್ಕದಲ್ಲೇ ಇಟ್ಟ. ಅವಳ ಹೂವು ಸರಿಯಾಗಿ ಅವನ ಮೊಣಕೈ ಬಳಿ ಬಂದು ನಿಂತಿತು. ಯತೀಶನಿಗೆ ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಭದ್ರಮ್ಮ ಹುಡುಗಿಯ ಹಣೆಗೆ ಕುಂಕುಮ ಇಟ್ಟು, ಕೊರಳಿಗೆ ಅರಿಶಿನದ ದಾರ ಕಟ್ಟಿ, ಇಬ್ಬರಿಗೂ ಆರತಿ ಎತ್ತಿಬಿಟ್ಟಳು.

ಪಿಂಗಾಣಿಯ ಮೇಲಿನ ಕುಂಕುಮ, ಒರೆಸಿದರೆ ಹೋಗುತ್ತದೆ. ಯತೀಶ್ ಕೈ ಚಾಚಿದವನು ಹಾಗೇ ಹಿಂದಕ್ಕೆಳೆದುಕೊಂಡ. ಅಷ್ಟು ವರ್ಷ ಬರಿಗಾಳಿಗೆ ಹೂವು ಕೊಟ್ಟವಳನ್ನು ಮತ್ತೆ ಒಂಟಿ ಮಾಡಲು ಅವನಿಗೆ ಮನಸ್ಸು ಬರಲಿಲ್ಲ. ಸಂತೋಷವೂ ಸಂಕಟವೂ ಒಟ್ಟಿಗೇ ಉಕ್ಕಿದವು.

"ಒಂದಷ್ಟು ದಿನಕ್ಕಾದ್ರೂ ಇಬ್ರನ್ನೂ ನಮ್ಮನೆಗೆ ಕಳಿಸ್ತೀರಾ ಅವ್ವಾ?"

"ಕಳಿಸ್ದೆ ಇರಕ್ಕಾಯ್ತದಾ ಡಾಕ್ಟ್ರೇ? ಆಷಾಢ ಬರ್ಲಿ, ತವರಿಗೆ ಕಳುಸ್ತೀನಿ," ಎಂದಳು ಭದ್ರಮ್ಮ. "ಎಣ್ಣನ್ನ ಮಾತ್ರ."